ನಾಮ್ ಅಣ್ಣನ ಸ್ಪೀಕರಿನ ಆರೋಗ್ಯ

ನಾಮ್ ಅಣ್ಣ ಮೈಕ್ ಹಿಡಿದು ಹಾಡುವ ಕರೋಕೆ ಸ್ಪೀಕರ್ ತಂದ. ಅದು ಒಂದು ಸಣ್ಣ ಬೀರುವಿನಷ್ಟಿತ್ತು. ಓಣಿ ಮಾತ್ರ, ಎದುರೆದುರು ಎರಡು ಸ್ಕೂಟರ್ ಬಂದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಅಗಲ.

ಆ ಓಣಿಯಲ್ಲಿ, ನಾಮ್ ಅಣ್ಣನ ಗೋಡೆಗೆ ಅಂಟಿಕೊಂಡ ಮನೆ ಖಾಂಗ್‌ನದು. ಅವನು ರಾಕ್ ಯಾ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಹಗಲು ಮಲಗಬೇಕಾದವನು. ಸ್ಪೀಕರ್ ಬಂದ ಮೇಲೆ ಹಗಲಿನ ನಿದ್ದೆ ಹೋಗಿ ಅದು ರಾತ್ರಿ ಫ್ಯಾಕ್ಟರಿಯಲ್ಲಿ ಬರತೊಡಗಿತ್ತು. ಐಸಿನ ದಿಮ್ಮಿಗೆ ಕೆನ್ನೆ ಒತ್ತಿ ಮಲಗಿದ್ದವನನ್ನು ನಿನ್ನೆ ಮೇಸ್ತ್ರಿಯೇ ಎಬ್ಬಿಸಿದ್ದ. "ಇನ್ನೊಂದ್ಸಲ ಇಲ್ಲಿ ಕಣ್ಣು ಮುಚ್ಚಿದ್ರೆ, ಆಮೇಲೆ ಮನೇಲೇ ಮುಚ್ಕೊಂಡಿರು, ಬರೋದೇ ಬೇಡ," ಎಂದಿದ್ದ.

ಆದ್ದರಿಂದ ಈ ಭಾನುವಾರ ಖಾಂಗ್ ನಿದ್ದೆ ಮಾಡಲೇಬೇಕಿತ್ತು. ಹೆಂಡತಿ ಥಾಮ್ ಕೊಟ್ಟ ಶಾವಿಗೆ ಉಂಡು, ಟೇಬಲ್ ಫ್ಯಾನಿನ ಮುಂದೆ ಚಾಪೆ ಹಾಸಿ, ಕಣ್ಣು ಮುಚ್ಚಿದ. ಗೋಡೆ ಹಾಡಲು ಶುರುಮಾಡಿತು. ತಲೆದಿಂಬು ತಾಳ ಹಾಕಿತು.

"ಹೋಗಿ ಹೇಳ್ಬಾರ್ದಾ?" ಎಂದಳು ಥಾಮ್.

"ಏನಂತ ಹೇಳ್ಲಿ? ಹಾಡಬೇಡಿ ಅಂತಾನಾ?"

ಭಾನುವಾರ ಹಾಡುವವನಿಗೆ ನಿಲ್ಲಿಸು ಎನ್ನುವುದೂ, ಅವನ ಮನೆಯ ಅನ್ನ ನನಗೆ ಬೇಡ ಎನ್ನುವುದೂ ಆ ಓಣಿಯಲ್ಲಿ ಒಂದೇ. ಹೋದ ವರ್ಷ ಕೊನೆಯ ಮನೆಯ ಮೇಷ್ಟ್ರು ಹಾಗೆ ಹೇಳಿದ್ದರು. ಅವರ ಅಂಗಳದಲ್ಲಿ ಒಣಹಾಕಿದ ಬಟ್ಟೆ ಮಳೆಗೆ ತೊಯ್ದರೂ ಇವತ್ತಿಗೂ ಯಾರೂ ಕೂಗಿ ಹೇಳುವುದಿಲ್ಲ.

ಖಾಂಗ್ ಅಂಗಿ ತೊಟ್ಟುಕೊಂಡು, ಸ್ಪೀಕರ್ ನೋಡಲು ಬಂದವನ ಹಾಗೆ ಹೋದ.

"ಬಾ ತಮ್ಮ, ನಿನ್ನನ್ನೇ ನೆನೆಸ್ಕೊಳ್ತಿದ್ದೆ," ಎಂದು ನಾಮ್ ಅಣ್ಣ ಮೈಕನ್ನು ಅವನ ಕೈಗಿತ್ತ. ಬಂದವನು ಒಂದು ಹಾಡಾದರೂ ಹಾಡದೆ ಹೋಗುವಂತಿಲ್ಲ. ಖಾಂಗ್ ಹಾಡಿದ. ಎದುರು ಮನೆಯ ಚಿನ್ ಅಕ್ಕ ಕಿಟಕಿಯಲ್ಲಿ ಇಣುಕಿ, "ಪಾಪ, ಯಾರಿಗೋ ಹಲ್ಲು ನೋವು ಅಂದ್ಕೊಂಡೆ," ಎಂದಳು.

ಹಾಡು ಮುಗಿಸಿ ಖಾಂಗ್ ಸ್ಪೀಕರನ್ನು ಕುತೂಹಲದಿಂದ ನೋಡಿದ. ಮೈತುಂಬ ಕೆಂಪು ಮಖಮಲ್ಲಿನ ಹೊದಿಕೆ. ಮಗ್ಗುಲಲ್ಲಿ ಆಂಪ್ಲಿಫೈಯರ್. ಅದಕ್ಕೂ ಹೊದಿಕೆ, ಹೊದಿಕೆಯ ಮೇಲೆ ನೀರು ತುಂಬಿದ ಹೂದಾನಿ. ಹೊದಿಕೆಯೊಳಗೆ ಕೈ ತೂರಿಸಿದ. ಜ್ವರ ಬಂದ ಮಗುವಿನ ಹಣೆಯ ಹಾಗಿತ್ತು. ಐಸ್ ಫ್ಯಾಕ್ಟರಿಯವನಿಗೆ ಹಾಡು ಗೊತ್ತಿಲ್ಲದಿದ್ದರೂ ಕಾವು ಗೊತ್ತು.

"ನಾಮ್ ಅಣ್ಣ, ಇದು ಕಾದಿದೆ. ಇದಕ್ಕೆ ಉಸಿರಾಡೋಕೆ ಜಾಗ ಬೇಕು. ಮೊದ್ಲು ಆ ನೀರು ತೆಗೀರಿ. ಒಳಗೆ ಬಿದ್ರೆ ಹಾಡೋರೂ ಇರಲ್ಲ, ಕೇಳೋರೂ ಇರಲ್ಲ."

ನಾಮ್ ಅಣ್ಣನ ಮುಖ ಕಪ್ಪಿಟ್ಟಿತು. "ಹೌದಾ? ಗಾಳಿ ಬೇಕಾ?"

"ಬೇಕೇ ಬೇಕು. ಈ ಮುಚ್ಚಿದ ಕೋಣೇಲಿ ಇವತ್ತು ಹಾಡದೇ ಇರೋದು ಒಳ್ಳೇದು."

ಖಾಂಗ್ ಮನೆಗೆ ಬಂದು ಮಲಗಿದ. ಬುದ್ಧಿಗೆ ಬುದ್ಧಿ, ನಿದ್ದೆಗೆ ನಿದ್ದೆ ಎಂದುಕೊಂಡ. ಕಣ್ಣು ಹತ್ತುವಷ್ಟರಲ್ಲಿ ಹಾಡು ಮೊದಲಿಗಿಂತ ಜೋರಾಗಿ ಕಿಟಕಿಯಿಂದಲೇ ಒಳಗೆ ಬಂತು. ಎದ್ದು ನೋಡಿದ. ಸ್ಪೀಕರ್ ಹೊದಿಕೆ ಕಳಚಿ ಓಣಿಯಲ್ಲಿ ನಿಂತಿತ್ತು.

"ನೋಡು ತಮ್ಮ, ಎಷ್ಟು ಗಾಳಿ," ಎಂದ ನಾಮ್ ಅಣ್ಣ.

ಖಾಂಗ್ ಹೊರಗೆ ಬಂದ. "ಗಾಳಿ ಸರಿ ಅಣ್ಣ. ಆದ್ರೆ ಬೆಳಗ್ಗಿಂದ ದುಡೀತಿದೆ ಅಲ್ವಾ, ಅದಕ್ಕೂ ವಿಶ್ರಾಂತಿ ಬೇಡ್ವಾ? ನಮ್ಮ ಫ್ಯಾಕ್ಟರಿ ಮೋಟರನ್ನೂ ನಡುನಡುವೆ ನಿಲ್ಲಿಸ್ತೀವಿ."

"ಮನುಷ್ಯರ ಹಾಗೇನಾ?" ಚಿನ್ ಅಕ್ಕನಿಗೆ ಆಶ್ಚರ್ಯ.

"ಮನುಷ್ಯರ ಹಾಗೇ ಅಕ್ಕ. ಮನುಷ್ಯರಿಗೂ ಬೇಕು," ಎಂದ ಖಾಂಗ್, ಮನಸಾರೆ.

ನಾಮ್ ಅಣ್ಣ ತಕ್ಷಣ ಸ್ಪೀಕರ್ ಆರಿಸಿದ. ಚಿನ್ ಅಕ್ಕ ಒಳಗೆ ಹೋದಳು. ಬರುವಾಗ ಅವಳ ಹಿಂದೆ ಚಕ್ರದ ಮೇಲೆ ಅವಳದೇ ಸ್ಪೀಕರ್ ಉರುಳುತ್ತಿತ್ತು. "ನಿಮ್ದು ಮಲಗಿರೋ ಹೊತ್ತಿಗೆ ನಂದು ದುಡೀಲಿ. ನಂದು ಮಲಗಿದಾಗ ನಿಮ್ದು. ಪಾಳಿ ಮೇಲೆ ಬಿಡೋಣ, ಖಾಂಗ್ ಫ್ಯಾಕ್ಟರಿ ಹಾಗೆ."

ಈಗ ಉಸಿರಿಗೆಂದು ಇದ್ದ ಬಿಡುವೂ ಹೋಯಿತು. ಖಾಂಗ್ ಚಾಪೆಯ ಮೇಲೆ ಬಾಣಲೆಯಲ್ಲಿ ಬಿದ್ದ ಮೀನಿನ ಹಾಗೆ ಹೊರಳಿದ. ಮತ್ತೆ ಎದ್ದು ಹೋದ. ನಾಮ್ ಅಣ್ಣನ ಮನೆಯ ಒಂದೇ ಜಂಕ್ಷನ್ ಬಾಕ್ಸಿಗೆ ಎರಡೂ ಸ್ಪೀಕರ್, ಜೊತೆಗೆ ಅನ್ನ ಬೇಯಿಸುವ ಕುಕ್ಕರ್ ಜೋತುಬಿದ್ದಿದ್ದವು. ವೈರು ಮುಟ್ಟಿದರೆ ಬೆಚ್ಚಗಿತ್ತು. ಈ ಸಲ ಖಾಂಗ್‌ಗೆ ನಿಜಕ್ಕೂ ಭಯವಾಯಿತು.

"ಅಣ್ಣ, ಇದು ಆಟ ಅಲ್ಲ. ಇಷ್ಟು ಭಾರ ಒಂದೇ ಲೈನಿಗೆ ಹಾಕಿದ್ರೆ ವೈರು ಕರಗಿ ಬೆಂಕಿ ಹತ್ಕೊಳ್ಳತ್ತೆ. ಒಂದನ್ನಾದ್ರೂ ಕೀಳಿ."

"ಅಯ್ಯೋ, ನೀನಿಲ್ದಿದ್ರೆ ಓಣಿಯೇ ಸುಟ್ಟು ಹೋಗ್ತಿತ್ತಲ್ಲೋ," ಎಂದು ನಾಮ್ ಅಣ್ಣ ಅವನ ಬೆನ್ನು ತಟ್ಟಿದ. ಆಮೇಲೆ ಯೋಚಿಸಿದ. "ಭಾರ ಇಲ್ದಿರೋ ಲೈನು ಯಾರ ಮನೇದು?"

"ನಮ್ಮನೇದೇ. ಫ್ಯಾನ್ ಬಿಟ್ರೆ ಏನೂ ಇಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಥಾಮ್, ನೆರೆಯವರಿಗೆ ಇಲ್ಲವೆನ್ನಲಾರದೆ.

ಒಂದು ಸ್ಪೀಕರಿನ ವೈರು ಖಾಂಗ್‌ನ ಕಿಟಕಿಯಿಂದ ಒಳಗೆ ಬಂದು, ಅವನ ಚಾಪೆಯ ಮೇಲೆ ಹಾದು, ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿನಲ್ಲಿ ಕೂತಿತು. ಫ್ಯಾನನ್ನು ಕೀಳಬೇಕಾಯಿತು.

"ಸುರಕ್ಷತೆಗೆ ಕಣ್ರೀ," ಎಂದಳು ಥಾಮ್, ಅವನ ಮುಖ ನೋಡದೆ.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂತು. ಬೆವರಿನಲ್ಲಿ ತೊಯ್ದ ಖಾಂಗ್ ಓಣಿಗೆ ಬಂದು ಸ್ಪೀಕರಿನ ಬೆನ್ನಿಗೆ ಅಂಗೈ ಇಟ್ಟ. ಕೈ ಚುರುಗುಟ್ಟಿತು. ಅವನಿಗೆ ಆಗ ಹೊಳೆಯಿತು. ಮಾತಾಡದೆ ತಲೆ ಅಲ್ಲಾಡಿಸುತ್ತ ನಿಂತ. ಹಾಡು ತಾನಾಗಿ ನಿಂತಿತು.

"ಏನಾಯ್ತು?" ನಾಮ್ ಅಣ್ಣ ಹತ್ತಿರ ಬಂದ.

"ಬಿಸಿಲು. ಹೀಗೇ ನಮ್ಮಲ್ಲೊಂದು ಮೋಟರ್ ಬಿಸಿಲಲ್ಲಿ ಬಿಟ್ಟಿದ್ರು."

"ಆಮೇಲೆ?" ಚಿನ್ ಅಕ್ಕನೂ ಬಂದಳು.

"ಒಳಗಿನ ತಂತಿ ಸುರುಳಿ ಸುಟ್ಟೋಯ್ತು. ಹೊಗೆ ಬಂತು. ಮತ್ತೆ ಮಾತೇ ಆಡ್ಲಿಲ್ಲ."

ಚಿನ್ ಅಕ್ಕ ತಲೆವಸ್ತ್ರ ಬಿಚ್ಚಿ ತನ್ನ ಸ್ಪೀಕರಿಗೆ ಸೆರಗಿನಂತೆ ಹೊದಿಸಲು ಹೋದವಳು, ಹೊದಿಕೆ ಕೂಡದೆಂದು ನೆನಪಾಗಿ ಕೈ ಹಿಂದೆ ತೆಗೆದಳು.

"ಹಾಗಾದ್ರೆ ಯಾವಾಗ ಹಾಡೋದು ತಮ್ಮ?" ನಾಮ್ ಅಣ್ಣನ ಸ್ವರದಲ್ಲಿ ಅಳುವಿತ್ತು.

"ಸೂರ್ಯ ಇಳಿದ ಮೇಲೆ. ತಂಪು ಹೊತ್ತಲ್ಲಿ. ಹಗಲು ಮಾತ್ರ ಮುಟ್ಟಲೇಬೇಡಿ. ಇವತ್ತಂತಲ್ಲ, ಯಾವತ್ತೂ."

ಇಬ್ಬರೂ ತಮ್ಮ ತಮ್ಮ ಸ್ಪೀಕರನ್ನು ರೋಗಿಯನ್ನು ಒಯ್ಯುವಂತೆ ನಿಧಾನವಾಗಿ ಒಳಗೊಯ್ದರು. ಚಿನ್ ಅಕ್ಕ ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸಿದಳು. ಓಣಿ ನಿಶ್ಶಬ್ದವಾಯಿತು. ಖಾಂಗ್ ಫ್ಯಾನ್ ಹಾಕಿ ಮಲಗಿದ. ಥಾಮ್ ಎಬ್ಬಿಸುವ ತನಕ ಮಗ್ಗುಲೂ ಬದಲಿಸಲಿಲ್ಲ.

ಸಂಜೆ ಫ್ಯಾಕ್ಟರಿಯ ಬಾಗಿಲಲ್ಲಿ ಫೋನ್ ಬಂತು. ನಾಮ್ ಅಣ್ಣ.

"ತಮ್ಮ, ಸೂರ್ಯ ಇಳೀತಿದಾನೆ. ಎಲ್ಲರೂ ಸೇರಿದೀವಿ. ತಂಪಲ್ಲಿ ಎಷ್ಟು ಹೊತ್ತು ಹಾಡಿದ್ರೆ ಯಂತ್ರಕ್ಕೆ ತೊಂದ್ರೆ ಇಲ್ಲ?"

ಕಣ್ತುಂಬ ನಿದ್ದೆ ಮಾಡಿದವನಿಗೆ ಲೋಕದ ಮೇಲೆಲ್ಲ ಪ್ರೀತಿ. "ಎಷ್ಟು ಹೊತ್ತು ಬೇಕಾದ್ರೂ ಹಾಡಿ ಅಣ್ಣ. ದಿನಾ ಹಾಡಿ. ತಂಪಲ್ಲಿ ಏನೂ ಆಗಲ್ಲ."

ಫೋನ್ ಇಟ್ಟು, ಶಿಳ್ಳೆ ಹಾಕುತ್ತ ಐಸಿನ ದಿಮ್ಮಿಗಳನ್ನು ಎಳೆದ. ಮೇಸ್ತ್ರಿ ಬಂದು ಅವನ ಕಣ್ಣನ್ನೇ ದಿಟ್ಟಿಸಿದ. ಖಾಂಗ್ ಕಣ್ಣನ್ನು ಇನ್ನಷ್ಟು ಅಗಲ ಮಾಡಿ ತೋರಿಸಿದ.

"ಪರವಾಗಿಲ್ವೇ. ಈಗ ತಾನೇ ಬಲೆಯಿಂದ ತೆಗೆದ ಮೀನಿನ ಕಣ್ಣಿದ್ದ ಹಾಗಿದೆ," ಎಂದ ಮೇಸ್ತ್ರಿ. "ಇಂಥವನನ್ನ ರಾತ್ರಿ ಪಾಳೀಲಿ ಕೊಳೆಸೋದ್ಯಾಕೆ? ನಾಳೆಯಿಂದ ಬೆಳಗಿನ ಜಾವದ ಪಾಳಿಗೆ ಬಾ. ದೋಣಿಗಳಿಗೆ ಐಸ್ ತುಂಬಿಸೋ ಕೆಲಸ, ಚುರುಕಾದ ಆಳೇ ಬೇಕು. ಕೋಳಿ ಕೂಗೋದಕ್ಕಿಂತ ಎಷ್ಟೋ ಮೊದಲು ಇಲ್ಲಿರಬೇಕು, ಅಷ್ಟೇ."

ಖಾಂಗ್‌ನ ಶಿಳ್ಳೆ ನಿಂತಿತು. "ಮೇಸ್ತ್ರಿ, ಹಾಗಾದ್ರೆ ನಾನು ನಿದ್ದೆ ಮಾಡೋದು..."

"ಅದೇನು ಕಷ್ಟ?" ಎಂದ ಮೇಸ್ತ್ರಿ. "ಸೂರ್ಯ ಇಳೀತಿದ್ದ ಹಾಗೇ ಮಲಗಿಬಿಡು."