ಅತ್ತೆಯ ಹಲ್ಲು ಕೊಲ್ಲಿಯ ಪಾಲಾದದ್ದು

ಹೆಂಡತಿಯ ತಲೆನೋವು ಕಡಿಮೆ ಮಾಡಿಯೇ ತೀರುತ್ತೇನೆಂದು ವೆಂಡೆಲ್ ಬುಧವಾರ ಮಧ್ಯಾಹ್ನ ಟೊಂಕ ಕಟ್ಟಿ ನಿಂತ. ಅತ್ತೆ ಅರ್ಡಿತ್ ತೀರಿಕೊಂಡು ಒಂದು ದಿನವಾಗಿತ್ತು. ಸಾವಿನ ಮನೆಗೆಂದು ಊಟದ ಪಾತ್ರೆ ಹಿಡಿದುಕೊಂಡು ನೆರೆಹೊರೆಯವರು ಬರುವ ಹೊತ್ತು. ಅಡುಗೆಮನೆ ನೋಡಿದರೆ ಬರೀ ಹಲ್ಲು! ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಶಾರ್ಕ್‌ಗಳ ಹಲ್ಲು. ಕೊಲ್ಲಿಯ ದಂಡೆಯಲ್ಲಿ ಅವನು ಹೆಕ್ಕಿ ತಂದ ಆ ಹಲ್ಲುಗಳು ಮೊಸರಿನ ಡಬ್ಬಿ, ಕಾಫಿ ಕಪ್ಪು, ಕೈಗೆ ಸಿಕ್ಕಿದ್ದರಲ್ಲೆಲ್ಲ ಉಪ್ಪು ಬಿಡಲೆಂದು ನೀರಿನಲ್ಲಿ ನೆನೆಯುತ್ತಿದ್ದವು.

"ಸಂಜೆಯೊಳಗೆ ಈ ಮನೇಲಿ ಒಂದೇ ಒಂದು ಹಲ್ಲು ಕಾಣಿಸಬಾರದು, ನೋಡ್ತಿರು," ಎಂದ.

ಹೆಂಡತಿ ಡೋರೀನ್ ತಾಯಿಯ ನೀಲಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೇಳುತ್ತ ಬಂದ ಮಾತಾದ್ದರಿಂದ ತಲೆ ಎತ್ತಲಿಲ್ಲ.

ಆದರೆ ಅವತ್ತು ಮಹಾಶಯ ಆಡಿದ ಮಾತನ್ನು ಉಳಿಸಿಕೊಂಡುಬಿಟ್ಟ. ಒಳ್ಳೆಯವನ್ನು ಡ್ರಾಯರಿಗೆ ಸೇರಿಸಿದ. ಮುರಿದವನ್ನೆಲ್ಲ ಬಕೆಟ್ಟಿಗೆ ಸುರಿದ. ಕೊನೆಕೊನೆಗೆ ಬೆನ್ನು ಹಿಡಿದುಕೊಂಡಿತು. ಸಿಂಕಿನ ಪಕ್ಕದ ನಾಲ್ಕೈದು ಕಪ್ಪುಗಳನ್ನು ನೋಡದೆಯೇ ಬಕೆಟ್ಟಿಗೆ ಬಗ್ಗಿಸಿದ. ಮುರಿದ ಹಲ್ಲನ್ನು ಅಲ್ಲಿಯವರು ಕಸಕ್ಕೆ ಹಾಕುವುದಿಲ್ಲ, ನಾಳೆ ಬರುವ ಮಕ್ಕಳಿಗೆ ಸಿಗಲಿ ಎಂದು ನೀರಿಗೇ ಹಿಂತಿರುಗಿಸುತ್ತಾರೆ. ವೆಂಡೆಲ್ ಕೂಡ ದಂಡೆಗೆ ಹೋಗಿ, ಬಿದ್ದ ಓಕ್ ಮರದ ಹತ್ತಿರ ದಾನಶೂರನ ಗತ್ತಿನಲ್ಲಿ ಬಕೆಟ್ ಬೋರಲು ಹಾಕಿ ಬಂದ.

ಗುರುವಾರ ಶವಸಂಸ್ಕಾರ ನಡೆಸಿಕೊಡುವ ಪರ್ಡಮ್ ಅವರಿಂದ ಫೋನು ಬಂತು. ಶುಕ್ರವಾರ ಎರಡು ಗಂಟೆಗೆ ಅಂತಿಮ ದರ್ಶನ. ಹನ್ನೆರಡರೊಳಗೆ ಉಡುಪು, ಕನ್ನಡಕ, ಹಲ್ಲುಸೆಟ್ಟು ತಲುಪಿಸಬೇಕು.

"ವೆಂಡೆಲ್, ಸಿಂಕ್ ಹತ್ರ ಬಿಳೀ ಕಪ್ಪಿತ್ತಲ್ಲ?"

"ಯಾವ ಕಪ್ಪು?"

"ಆಸ್ಪತ್ರೆಯವರು ಅಮ್ಮನ ಹಲ್ಲುಸೆಟ್ಟು ಕೊಟ್ರಲ್ಲ, ತೊಳೆದು ಅದರಲ್ಲಿ ಹಾಕಿಟ್ಟಿದ್ದೆ."

ವೆಂಡೆಲ್‌ಗೆ ಬಾಗಿಲ ಪಕ್ಕದ ಖಾಲಿ ಬಕೆಟ್ ಕಾಣಿಸಿತು. ಎಳ್ಳುಕಾಳಿನಷ್ಟು ಹಲ್ಲನ್ನೂ ನೊರೆಯೊಳಗಿಂದ ಎತ್ತುವ ಕಣ್ಣು ನನ್ನದು ಎಂದು ಊರೆಲ್ಲ ಜಂಬ ಕೊಚ್ಚಿಕೊಂಡವನಿಗೆ ಇಡೀ ದವಡೆಯೇ ಕಾಣಿಸಿರಲಿಲ್ಲ.

ಡೋರೀನ್ ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಕುರ್ಚಿ ಎಳೆದು ಕೂತಳು. ಅರ್ಡಿತ್ ಈ ಮನೆಯಲ್ಲಿ ನಾಲ್ಕು ವರ್ಷ ಇದ್ದರು; ಹಲ್ಲಿಲ್ಲದ ಬಾಯನ್ನು ಅಳಿಯನಿಗೆ ಒಮ್ಮೆಯೂ ತೋರಿಸಿರಲಿಲ್ಲ. ಬೆಂಕಿ ಬಿದ್ದಿದೆ ಎಂದರೂ ಮೊದಲು ಹಲ್ಲು ಹಾಕಿಕೊಂಡೇ ಬಾಗಿಲು ತೆರೆಯುವವರು. ಈಗ ಅವರ ಮಗ, ಡೋರೀನಳ ಅಣ್ಣ ಗ್ಲೆನ್ ಆರು ವರ್ಷದ ಮೇಲೆ ತಾಯಿಯ ಮುಖ ನೋಡಲು ದೂರದ ಒಹಾಯೋದಿಂದ ಬರುತ್ತಿದ್ದ.

"ಹಲ್ಲಿಲ್ದೆ ನನ್ನನ್ನ ಯಾರಿಗೂ ತೋರಿಸ್ಬೇಡ ಅಂದಿದ್ಲು," ಎಂದಳು ಡೋರೀನ್. "ಅಮ್ಮ ನನ್ನ ಹತ್ರ ಕೇಳಿದ್ದು ಅದೊಂದೇ."

ಅವತ್ತು ನೀರು ಏರಿ ದಂಡೆಯೇ ಮುಳುಗಿತ್ತು. ಶುಕ್ರವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಇಬ್ಬರೂ ಓಕ್ ಮರದ ಬಳಿ ಇದ್ದರು. ಈ ಹವ್ಯಾಸವನ್ನು ಕಂಡರಾಗದ ಡೋರೀನ್ ಗಂಬೂಟು ಹಾಕಿಕೊಂಡು, ಚಳಿಗೆ ಮೂಗು ಸೋರಿಸುತ್ತ ಜರಡಿ ಆಡಿಸಿದಳು. ಕಲ್ಲು ಬಂತು, ಚಿಪ್ಪು ಬಂತು. ಇಪ್ಪತ್ತು ವರ್ಷ ತಪಸ್ಸು ಮಾಡಿದರೂ ಸಿಗದಿದ್ದ, ಅಂಗೈಯಷ್ಟು ದೊಡ್ಡ ಶಾರ್ಕ್ ಹಲ್ಲೊಂದು ಎಲ್ಲೂ ಮುಕ್ಕಾಗದೆ ವೆಂಡೆಲನ ಜರಡಿಗೆ ಬಂತು. ಅವನು ಅದನ್ನು ಜೇಬಿಗೆ ತುರುಕಿ, ಹೆಂಡತಿಗೆ ಹೇಳಲು ಧೈರ್ಯ ಸಾಲದೆ, ಮತ್ತೆ ಬಗ್ಗಿದ.

ಎಂಟು ಗಂಟೆಗೆ ಆಚೆ ಕಡೆಯಿಂದ ಹೋಬರ್ಟ್ ಬಂದ. ದಂಡೆಯಲ್ಲಿ ವೆಂಡೆಲನಿಗೆ ಹಳೆಯ ಗೆಳೆಯ, ಹಳೆಯ ಪೈಪೋಟಿಗಾರ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು, ಅಂದರೆ ಬೆಳಕು ಹರಿಯುವಾಗಲೇ, ಇವರಿಗಿಂತ ಮುಂಚೆ ಬಂದಿದ್ದ.

"ಏನಾದ್ರೂ ಸಿಕ್ತಾ?" ಎಂದ ವೆಂಡೆಲ್.

"ಏನಿಲ್ಲ, ಬರೀ ಚೂರುಪಾರು. ನಿಂಗೆ?"

"ಏನಿಲ್ಲ, ಬರೀ ಚೂರುಪಾರು."

ದಂಡೆಯಲ್ಲಿ ಕೇಳುವ ಪ್ರಶ್ನೆ ಇದೊಂದೇ, ಉತ್ತರವೂ ಇದೊಂದೇ. ಆನೆಯ ದಂತ ಸಿಕ್ಕಿದ್ದರೂ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮರುದಿನ ಆ ಜಾಗದಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಅತ್ತೆಯ ಹಲ್ಲುಸೆಟ್ಟನ್ನು ನೀರಿಗೆ ಎಸೆದೆ ಎಂದು ಹೇಳಲು ವೆಂಡೆಲ್‌ಗೆ ನಾಲಿಗೆ ಏಳಲಿಲ್ಲ. ಹೋಬರ್ಟ್ ಟೋಪಿ ಮುಟ್ಟಿಕೊಂಡು ಹೊರಟುಹೋದ.

ಹನ್ನೆರಡಕ್ಕೆ ಡೋರೀನ್ ಉಡುಪನ್ನೂ ಕನ್ನಡಕವನ್ನೂ ಪರ್ಡಮ್ ಕೈಗೆ ಕೊಟ್ಟು, ಶವಪೆಟ್ಟಿಗೆಯ ಮುಚ್ಚಳ ಹಾಕಿಯೇ ಇರಲಿ ಎಂದಳು. ಎರಡಕ್ಕೆ ಜನ ಬಂದರು. ಗ್ಲೆನ್ ಬಂದವನು ಮುಚ್ಚಿದ ಪೆಟ್ಟಿಗೆಯನ್ನೂ ತಂಗಿಯನ್ನೂ ನೋಡಿದ. ಆರು ವರ್ಷ ಬಾರದೆ ಇದ್ದದ್ದಕ್ಕೆ ಇದು ಶಿಕ್ಷೆ ಎಂದುಕೊಂಡನೋ ಏನೋ, ಏನೂ ಕೇಳದೆ ಮುಚ್ಚಳದ ಮೇಲೆ ಕೈಯಿಟ್ಟು ನಿಂತ. ಅದನ್ನು ನೋಡಲಾರದೆ ವೆಂಡೆಲ್ ಕೋಟು ನೇತುಹಾಕುವ ಮೂಲೆಗೆ ಹೋದ. ಜೇಬಿನಲ್ಲಿದ್ದ ದೊಡ್ಡ ಹಲ್ಲು ತೊಡೆಗೆ ಚುಚ್ಚುತ್ತಿತ್ತು.

ಅಲ್ಲಿಗೆ ಹೋಬರ್ಟ್ ಬಂದ. ಅತ್ತೆಯ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಅತ್ತಿತ್ತ ನೋಡಿ, ಗೆಳೆಯನ ದುಃಖ ಮರೆಸಲೆಂದು ಕರವಸ್ತ್ರದ ಗಂಟು ಬಿಚ್ಚಿದ.

"ಯಾರಿಗೂ ಹೇಳ್ಬೇಡ. ಬೆಳಿಗ್ಗೆ ಓಕ್ ಮರದ ಹತ್ರ ಸಿಕ್ತು. ಯಾವ ಪ್ರಾಣೀದು ಹೇಳು ನೋಡೋಣ."

ಗುಲಾಬಿ ಒಸಡು, ಸಾಲಾಗಿ ಬಿಳಿ ಹಲ್ಲು.

"ಬೆಳಿಗ್ಗೆ ಕೇಳಿದಾಗ ಚೂರುಪಾರು ಅಂದ್ಯಲ್ಲೋ," ಎಂದ ವೆಂಡೆಲ್.

"ನೀನೂ ಹಾಗೇ ಅಂದೆ."

ಎರಡು ಬೆಳ್ಳಿ ಕೂದಲಿನ ತಲೆಗಳು ಒಂದು ನಿಜ ಹೇಳಿದ್ದರೆ ಎಂಟು ಗಂಟೆಗೇ ಕೆಲಸ ಮುಗಿಯುತ್ತಿತ್ತು. ವೆಂಡೆಲ್ ಗಂಟನ್ನು ಹೆಂಡತಿಯ ಕೈಗಿಟ್ಟು, ನಡೆದದ್ದನ್ನು ತೊದಲುತ್ತ ಒಪ್ಪಿಸಿದ. ಅವಳು ನೇರ ಪರ್ಡಮ್ ಹತ್ತಿರ ಹೋದಳು. ಪೆಟ್ಟಿಗೆ ಒಳಕೋಣೆಗೆ ಹೋಯಿತು. ಜನ ಕೆಮ್ಮಿದರು, ಗಡಿಯಾರ ನೋಡಿದರು. ಇಪ್ಪತ್ತು ನಿಮಿಷದ ಮೇಲೆ ಪೆಟ್ಟಿಗೆ ಮರಳಿತು, ಮುಚ್ಚಳ ತೆರೆದಿತ್ತು.

ಅರ್ಡಿತ್ ತುಂಬಿದ ಬಾಯಿ ಮುಚ್ಚಿಕೊಂಡು, ಬದುಕಿದ್ದಾಗಿನ ಬಿಗುಮಾನದಲ್ಲೇ ಮಲಗಿದ್ದರು. ಗ್ಲೆನ್ ತಾಯಿಯ ಮುಖ ನೋಡಿ ಮಗುವಿನಂತೆ ಅತ್ತ. ಕಣ್ಣೊರೆಸಿಕೊಂಡ ಮೇಲೆ, ಎಲ್ಲರ ಎದುರೇ ತಂಗಿಯನ್ನು ಕೇಳಿದ:

"ಅಷ್ಟು ಹೊತ್ತು ಯಾಕಾಯ್ತು? ಏನಾಗಿತ್ತು?"

ಡೋರೀನ್ ಗಂಡನನ್ನು ನೋಡಿದಳು. ಅವನ ಬೂಟಿಗೆ ಅಂಟಿದ್ದ ಮರಳನ್ನು ನೋಡಿದಳು.

"ಏನಿಲ್ಲ," ಎಂದಳು. "ಬರೀ ಚೂರುಪಾರು."