ಐದು ನಿಮಿಷದ ಅಲಂಕಾರ ಮಾಡುವ ಎರಡು ಕೈಗಳಿಗೆ

‘ಬಿಡುವಿಲ್ಲದ ಅಪ್ಪ-ಅಮ್ಮಂದಿರಿಗೆ ಐದೇ ನಿಮಿಷದ ಅಲಂಕಾರ’ ಎಂಬ ವಿಡಿಯೊಗಳಲ್ಲಿ, ಬಿಳಿ ಮೇಜಿನ ಮೇಲೆ ದರ್ಶನ ಕೊಡುವ ಎರಡು ಕೈಗಳ ಸನ್ನಿಧಾನಕ್ಕೆ,

ಮಾನ್ಯರೇ,

ಬಲಗೈಯವರಿಗೊಂದು, ಎಡಗೈಯವರಿಗೊಂದು, ಹೀಗೆ ಪ್ರತ್ಯೇಕವಾಗಿ ನಮಸ್ಕಾರಗಳು. ಇಬ್ಬರಿಗೂ ಸೇರಿಸಿ ಒಂದೇ ನಮಸ್ಕಾರ ಮಾಡಿದರೆ ಯಾರಿಗಾದರೂ ಬೇಜಾರಾದೀತು ಎಂಬ ಭಯ ನನಗೆ. ತಮ್ಮ ಮುಖ ನೋಡುವ ಭಾಗ್ಯ ನನಗಾಗಲಿ, ತಮ್ಮ ಲಕ್ಷಾಂತರ ಅಭಿಮಾನಿಗಳಿಗಾಗಲಿ ಇದುವರೆಗೆ ಒದಗಿ ಬಂದಿಲ್ಲವಾದ್ದರಿಂದ, ಮಣಿಕಟ್ಟಿನಿಂದ ಈಚೆಗೆ ಇರುವಷ್ಟನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ, ಮನ್ನಿಸಬೇಕು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ಏಕೆಂದರೆ ಮೊನ್ನೆಯ ವಿಡಿಯೊದಲ್ಲಿ ತಮ್ಮ ಹತ್ತೂ ಉಗುರುಗಳು ಫಳಫಳ ಹೊಳೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಕೈಗಳ ಕ್ಷೇಮಸಮಾಚಾರ ಮಾತ್ರ ಸ್ವಲ್ಪ ಉದ್ದವಿದೆ.

ನಾನು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿರುವವಳು. ದಂತವೈದ್ಯರು ಬಾಯಿಯ ಅಳತೆ ಕಳಿಸುತ್ತಾರೆ, ನಾನು ಪ್ಲಾಸ್ಟರ್ ಕಲಸಿ ಅಚ್ಚು ಹೊಯ್ದು, ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗುರುತು ಹಿಡಿಯುವ ಕಣ್ಣು ನನ್ನದೆಂದು ಲ್ಯಾಬಿನ ಮಾಲೀಕರು ಹೇಳಿದ್ದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಊರಿನ ಬಾಯಿಗೆಲ್ಲ ಹಲ್ಲು ಕೂರಿಸುವವಳಿಗೆ ನಾಲ್ಕು ಕಾಗದದ ಹೂವು ಯಾವ ಲೆಕ್ಕ ಎಂಬ ಜಂಬ ಬಂದದ್ದು ಹೀಗೆ. ಆ ಜಂಬದಲ್ಲಿ ತಮ್ಮ ಪಾಲು ಏನೇನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಷಯವೇನೆಂದರೆ, ಹೋದ ವರ್ಷದ ಹುಟ್ಟುಹಬ್ಬದಲ್ಲಿ ನನ್ನ ಮಗಳು ಪುಟ್ಟಿ ಕೇಕಿನ ಮೇಲಿನ ಮೇಣದಬತ್ತಿ ಊದುವ ಹೊತ್ತಿಗೆ ನಾನು ಲ್ಯಾಬಿನಲ್ಲಿದ್ದೆ. ಮೊಮ್ಮಗಳ ಮದುವೆಯಲ್ಲಿ ನಿಂತು ನಗಬೇಕಾಗಿದ್ದ ಹಿರಿಯರೊಬ್ಬರ ಹಲ್ಲಿನ ಸೆಟ್ಟು ಹಿಂದಿನ ದಿನವೇ ಎರಡು ಹೋಳಾಗಿತ್ತು, ನನ್ನನ್ನು ಬಿಟ್ಟರೆ ಗತಿಯಿಲ್ಲ ಎಂದರು, ನಾನೂ ಉಬ್ಬಿ ಹೋದೆ. ಅಲ್ಲಿ ಅವರು ನಕ್ಕರು, ಇಲ್ಲಿ ನನ್ನ ಮಗಳು ಅತ್ತಳು. ಈ ಸಲ ಆರು ತುಂಬುವ ಮುಂಚೆಯೇ ಅವಳು ನನ್ನ ಕೆನ್ನೆ ಎರಡೂ ಹಿಡಿದು ಕೇಳಿದ್ದು ಇಷ್ಟೇ: ಮೇಣದಬತ್ತಿ ಊದೋವಾಗ ನೀನು ನನ್ ಪಕ್ಕ ಕೂತಿರಬೇಕು ಅಮ್ಮ, ಅಷ್ಟೇ. ಹೂಂ ಕಣೇ ಅಂದು ಸುಮ್ಮನಿದ್ದಿದ್ದರೆ ಈ ಪತ್ರದ ತೊಂದರೆ ತಮಗಿರುತ್ತಿರಲಿಲ್ಲ. ನಾನೋ, ಹೋದ ವರ್ಷದ ತಪ್ಪನ್ನೂ ಒಟ್ಟಿಗೇ ತೊಳೆದುಕೊಳ್ಳುವ ಹುಮ್ಮಸ್ಸಿನಲ್ಲಿ, ಅಂಗಡಿಯದು ಒಂದು ಚೂರೂ ಬೇಡ, ಇಡೀ ಮನೆಯ ಅಲಂಕಾರ ಅಮ್ಮನೇ ಕೈಯಾರೆ ಮಾಡುತ್ತಾಳೆ ಎಂದು ಎಲ್ಲರೆದುರು ಘೋಷಿಸಿ, ಎರಡು ದಿನ ರಜೆ ಹಾಕಿ, ತಮ್ಮ ಪಾದಕ್ಕೆ, ಕ್ಷಮಿಸಿ, ತಮ್ಮ ಅಂಗೈಗೆ ಶರಣಾದೆ.

ಮನೆಯಲ್ಲೇ ಇರುವ ವಸ್ತುಗಳು ಸಾಕು ಎಂದು ತಾವು ಪರದೆಯ ಮೇಲೆ ಬರೆದಿದ್ದಿರಿ. ಆ ಮಾತಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ. ತಮ್ಮ ಮನೆಯಲ್ಲಿ ಹದಿನಾಲ್ಕು ಬಣ್ಣದ ರಿಬ್ಬನ್ನು, ಅಂಚು ಮುದುಡದ ಕಾಗದ, ಹುಡುಕದೆಯೇ ಸಿಗುವ ಕತ್ತರಿ, ಇವೆಲ್ಲ ತಾವಾಗಿಯೇ ಬೆಳೆಯುತ್ತವೆಂದು ತೋರುತ್ತದೆ. ನಮ್ಮ ಮನೆಯ ಡ್ರಾಯರಿನಲ್ಲಿ ಇದ್ದದ್ದು ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಆರು ಕೀಲಿಕೈ, ಸತ್ತಿವೆಯೋ ಬದುಕಿವೆಯೋ ಹೇಳಲಾಗದ ಬ್ಯಾಟರಿಗಳು ಮತ್ತು ತುದಿ ಎಲ್ಲಿದೆಯೆಂದು ಮೂರು ತಲೆಮಾರು ಉಗುರಿನಿಂದ ಕೆರೆದಿರುವ ಒಂದು ಸೆಲ್ಲೋಟೇಪು. ಕತ್ತರಿ ಕೊನೆಗೆ ಬಚ್ಚಲುಮನೆಯಲ್ಲಿ ಸಿಕ್ಕಿತು. ಅದನ್ನು ಅಲ್ಲಿಟ್ಟವಳು ನಾನೇ ಎಂಬುದನ್ನು ನನ್ನ ಅತ್ತೆಯವರು ಬಹಳ ಮೃದುವಾಗಿ ನೆನಪಿಸಿದರು.

ಮೊದಲ ದಿನ ಕಾಗದದ ಸರ. ಬೆಳಿಗ್ಗೆ ಪುಟ್ಟಿ ಪಕ್ಕದಲ್ಲಿ ಕೂತು ತಾನೂ ಒಂದು ಗೇಣು ಸರ ಮಾಡಿದಳು. ಸರದ ಒಂದು ಬಳೆ ದೊಡ್ಡದು, ಒಂದು ಚಿಕ್ಕದು, ನಡುವೆ ಎಲ್ಲೋ ಅವಳ ಕೂದಲೂ ಅಂಟಿಕೊಂಡಿತ್ತು. ತಮ್ಮ ಸರದಲ್ಲಿ ಅಂಥ ಸೊಟ್ಟತನ ಎಲ್ಲೂ ಇರಲಿಲ್ಲವಲ್ಲ, ಆದ್ದರಿಂದ ಅವಳು ಶಾಲೆಗೆ ಹೋಗಿದ್ದಾಗ ನಾನು ಅದನ್ನು ಬಿಚ್ಚಿ, ಸ್ಕೇಲಿಟ್ಟು ಕತ್ತರಿಸಿ, ಎಲ್ಲ ಬಳೆಗಳನ್ನೂ ಒಂದೇ ಅಳತೆಗೆ ತಂದು ಮತ್ತೆ ಅಂಟಿಸಿಟ್ಟೆ. ಸಂಜೆ ಅವಳು ಬಂದು ನೋಡಿ, ನಾನು ಮಾಡಿದ್ದು ತಾನಾಗೇ ಸರಿಹೋಯ್ತಾ ಅಮ್ಮ ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಅವಳು ಸರದ ಹತ್ತಿರ ಬರಲಿಲ್ಲ, ನಮ್ಮತ್ತೆಯವರ ಜೊತೆ ಟಿವಿ ನೋಡಲು ಹೋದಳು. ನನಗೆ ಆಗ ಒಳ್ಳೆಯದೇ ಆಯಿತು, ಕೈಗೆ ಅಡ್ಡ ಬರುವವರಿಲ್ಲ ಎನ್ನಿಸಿತು, ಥೂ.

ಎರಡನೆಯ ದಿನ ತಮ್ಮ ಸುಪ್ರಸಿದ್ಧ ಬಲೂನಿನ ದೀಪ. ಬಲೂನು ಊದುವುದು, ಕಾಗದದ ಚೂರುಗಳನ್ನು ಬಿಳಿಯ ಪುಡಿ ಕಲಸಿದ ನೀರಿನಲ್ಲಿ ಅದ್ದಿ ಅದರ ಮೈಗೆಲ್ಲ ಅಂಟಿಸುವುದು, ಒಣಗಿದ ಮೇಲೆ ಬಲೂನು ಒಡೆದು ತೆಗೆದರೆ ಹಗುರವಾದ ಗುಂಡು ದೀಪ. ತಾವು ಮಾತನಾಡುವ ಅಭ್ಯಾಸವಿಲ್ಲದವರು, ಹಿನ್ನೆಲೆಯಲ್ಲಿ ಸಂಗೀತವಷ್ಟೇ ಇತ್ತು. ಬಟ್ಟಲಿನಲ್ಲಿದ್ದ ಬಿಳಿಯ ಪುಡಿ ಯಾವುದೆಂದು ತಾವು ತಿಳಿಸಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಹನ್ನೊಂದು ವರ್ಷದಿಂದ ಬಿಳಿಯ ಪುಡಿಗೆ ನೀರು ಹಾಕಿ ಕಲಸುವವಳಿಗೆ ಯಾರನ್ನು ಕೇಳುವ ದರ್ದು ಹೇಳಿ. ಲ್ಯಾಬಿನಿಂದ ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರ್ ತಂದು, ಅದರಲ್ಲೂ ಗಟ್ಟಿ ಜಾತಿಯದು, ಗುಳ್ಳೆಯೇಳದಂತೆ ಕಲಸಿ ಐದು ಬಲೂನುಗಳಿಗೆ ಬಳಿದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆಂಬುದು ನನ್ನ ವೃತ್ತಿಯ ಮೊದಲ ಪಾಠ. ಅದು ನೆನಪಾದದ್ದು ಎರಡು ಬಲೂನುಗಳು ಢಂ ಎಂದು ಸಿಡಿದು ಅಡುಗೆಮನೆಯ ಗೋಡೆ, ಫ್ರಿಜ್ಜು ಮತ್ತು ನನ್ನ ಹುಬ್ಬು ಬಿಳಿಯಾದ ಮೇಲೆ. ಅತ್ತೆಯವರು ಬಂದು ಬಟ್ಟಲಿನಂಚಿಗೆ ಬೆರಳು ತಾಗಿಸಿ ನೋಡಿ, ಇದಕ್ಕೆ ಮೈದಾ ಅಲ್ವೇನಮ್ಮಾ ಹಾಕೋದು ಎಂದರು. ಅಯ್ಯೋ ಎನ್ನಿಸಿದರೂ ತೋರಿಸಿಕೊಳ್ಳಲಿಲ್ಲ. ಮೈದಾದಲ್ಲಿ ಮಾಡಿದವರು ಸಾವಿರ ಜನ ಇರಬಹುದು, ಇಷ್ಟು ಗಟ್ಟಿ ದೀಪ ಯಾರ ಮನೆಯಲ್ಲೂ ಇರಲಾರದು ಎಂದು ಉಳಿದ ಮೂರನ್ನು ಬೆರಳಿನಿಂದ ತಟ್ಟಿ ತೋರಿಸಿದೆ. ಟಣ್ ಎಂದವು.

ನಡುಮನೆಯ ಗೋಡೆಗೆ ಪರದೆಯ ಸರಳಿದೆ. ಅದಕ್ಕೆ ನೀಲಿ ಬೆಡ್‌ಶೀಟು ಇಳಿಬಿಟ್ಟು, ಅದರ ತುಂಬ ಕಾಗದದ ಹೂವು ಅಂಟಿಸಿ, ಮೇಲೆ ಸರ ಸುತ್ತಿ, ಮೂರು ದೀಪಗಳನ್ನೂ ಅದೇ ಸರಳಿಗೆ ತೂಗುಹಾಕಿದೆ. ಹೂವು ಅಂಟಿಸುವ ಗ್ಲೂ ಗನ್ನಿನಿಂದ ಬೆರಳು ಮೂರು ಸಲ ಸುಟ್ಟುಕೊಂಡೆ. ತಾವು ಅದನ್ನು ಪೆನ್ನು ಹಿಡಿದಷ್ಟು ಹಗುರಾಗಿ ಹಿಡಿಯುತ್ತೀರಿ, ತಮ್ಮ ಚರ್ಮ ಯಾವ ಕಂಪನಿಯದೆಂದು ತಿಳಿಸಿದರೆ ಉಪಕಾರವಾದೀತು. ನಮ್ಮೆಜಮಾನರು ಬಸ್ಸಿನ ಡ್ರೈವರು, ಕನ್ನಡಿ ನೋಡದೆ ಒಂದು ಹೆಜ್ಜೆ ಹಿಂದಿಡುವವರಲ್ಲ. ಸರಳು ಬಗ್ಗಿದೆ ಕಣೇ ಎಂದು ಎರಡು ಸಲ ಹೇಳಿದರು. ನಿಮಗೆ ಕಲೆ ಗೊತ್ತಾಗಲ್ಲ ಎಂದು ನಾನೂ ಎರಡು ಸಲ ಹೇಳಿದೆ.

ಅವತ್ತೇ ಸಂಜೆ ಐದು ಗಂಟೆಗೆ ಮಕ್ಕಳು ಬರುವವರಿದ್ದರು. ನಾಲ್ಕೂಮುಕ್ಕಾಲಿಗೆ ಸರಳು ಗೋಡೆಯಿಂದ ಮೊಳೆ, ಸುಣ್ಣ, ಒಂದಿಷ್ಟು ಇಟ್ಟಿಗೆ ಪುಡಿ ಎಲ್ಲದರ ಸಮೇತ ಕಿತ್ತುಕೊಂಡು ಕೆಳಗೆ ಬಿತ್ತು. ಪುಣ್ಯಕ್ಕೆ ನಡುಮನೆಯಲ್ಲಿ ಯಾರೂ ಇರಲಿಲ್ಲ. ನೆಲದ ಒಂದು ಟೈಲ್ಸು ಒಡೆಯಿತು, ದೀಪಗಳಿಗೆ ಗೀರು ಕೂಡ ಆಗಲಿಲ್ಲ, ನನ್ನ ಕಾಮಗಾರಿಯ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ. ಅವುಗಳನ್ನು ಮಂಚದ ಕೆಳಗೆ ಉರುಳಿಸಿ, ಬೆಡ್‌ಶೀಟನ್ನು ಎತ್ತಿಕೊಂಡು, ಕೇಕಿನ ಮೇಜಿನ ಹಿಂದೆ ಸ್ಟೂಲು ಹತ್ತಿ, ಎರಡೂ ಮೂಲೆಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತೆ. ನಮ್ಮೆಜಮಾನರು, ಬಿಟ್ಟಾಕು, ಬರೀ ಗೋಡೆ ಇದ್ರೆ ಏನಾಗತ್ತೆ ಎಂದರು. ಅತ್ತೆಯವರು, ಇಳಿದು ಬಾರಮ್ಮ, ಮಗು ಕರೀತಿದೆ ಎಂದರು. ಒಂದೇ ನಿಮಿಷ, ಹೂವು ಉದುರುತ್ತೆ, ಒಂದು ಫೋಟೊ ಆಗಲಿ ಇಳೀತೀನಿ ಎಂದೆ. ನಾನು ಮಾಡಿದ್ದನ್ನು ನಾಲ್ಕು ಜನ ನೋಡಲೇಬೇಕಿತ್ತು, ಅಷ್ಟೇ. ಅದಕ್ಕೆ ಮಗಳ ಹೆಸರು ಹೇಳುವುದು ಈಗ ಸರಿಯಲ್ಲ.

ಬೆಡ್‌ಶೀಟಿನ ಹಿಂದಿನಿಂದ ಏನೂ ಕಾಣುವುದಿಲ್ಲ ಮಾನ್ಯರೇ, ನೀಲಿಯೊಂದನ್ನು ಬಿಟ್ಟು. ಒಂಬತ್ತು ಮಕ್ಕಳ ಗದ್ದಲ ಕೇಳಿಸಿತು, ಹಾಡು ಶುರುವಾಯಿತು. ಅಮ್ಮ ಎಲ್ಲಿ ಎಂದು ಪುಟ್ಟಿ ಕೇಳಿದ್ದು ಕೇಳಿಸಿತು. ಇಲ್ಲೇ ಇದೀನಿ ಚಿನ್ನ ಎಂದು ಕೂಗಿ, ಮೇಲಿನಿಂದ ಎರಡೂ ಕೈಯ ಬೆರಳುಗಳನ್ನು ಆಡಿಸಿ ತೋರಿಸಿದೆ. ಆಮೇಲೆ ಉಫ್ ಎಂದು ಊದಿದ್ದು ಕೇಳಿಸಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಮೇಣದ ಹೊಗೆಯ ವಾಸನೆ ಬೆಡ್‌ಶೀಟು ದಾಟಿ ನನ್ನವರೆಗೂ ಬಂತು.

ಮಾರನೆಯ ಬೆಳಿಗ್ಗೆ ಫೋಟೊ ನೋಡಿದೆವು, ಮೂವತ್ತೆಂಟು. ನಡುವೆ ಪುಟ್ಟಿ, ಮುಂದೆ ಕೇಕು, ಸುತ್ತ ಮಕ್ಕಳು, ಪುಟ್ಟಿಯ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅದರ ಮೇಲೆ ಯಾರೂ ಕೂರದ ಹಾಗೆ ಅವಳು ಕೈ ಅಡ್ಡ ಇಟ್ಟಿದ್ದಾಳೆ. ಮೂವತ್ತೆಂಟರಲ್ಲೂ ಮೇಲಿನ ಅಂಚಿನಲ್ಲಿ ಎರಡು ಕೈಗಳಿವೆ, ಬೆರಳುಗಳಿಗೆ ಪಟ್ಟಿ ಸುತ್ತಿದೆ, ಮಣಿಕಟ್ಟಿನಿಂದ ಆಚೆಗೆ ಯಾರೂ ಇಲ್ಲ. ಎರಡು ದಿನ ತಮ್ಮ ಹಾಗೆ ಆಗಬೇಕೆಂದು ಒದ್ದಾಡಿದ್ದೆನಲ್ಲ, ಆಗಿದ್ದೇನೆ ಮಾನ್ಯರೇ, ತಮ್ಮ ಆಶೀರ್ವಾದ. ಅಲಂಕಾರವೂ ಚೆನ್ನಾಗಿಯೇ ಕಾಣುತ್ತಿತ್ತು.

ಆದ್ದರಿಂದ ಸವಿನಯ ಪ್ರಾರ್ಥನೆಗಳು. ಮುಂದಿನ ವಿಡಿಯೊದಲ್ಲಿ ತಾವು ದಯಮಾಡಿ ಒಂದು ಮುಖವನ್ನು ಧರಿಸಿ ಬರಬೇಕು. ತಮ್ಮ ಬಿಳಿ ಮೇಜಿನ ಅಡಿಯಿಂದ ಒಂದು ಮಗು ಬಂದು, ಅಮ್ಮಾ ಅಮ್ಮಾ ಎಂದು ತಮ್ಮ ಬಟ್ಟೆ ಹಿಡಿದು ಜಗ್ಗಬೇಕು, ತಮ್ಮ ಸರ ಸೊಟ್ಟಗಾಗಬೇಕು, ತಾವದನ್ನು ಸೊಟ್ಟಗೇ ಗೋಡೆಗೆ ಹಾಕಬೇಕು. ಐದು ನಿಮಿಷವಾದ ಕೂಡಲೇ ವಿಡಿಯೊ ತಾನಾಗಿ ಕಪ್ಪಾಗಿ, ಸಾಕು ಎದ್ದು ಹೋಗಿ ಮಗಳ ಪಕ್ಕ ಕೂರು ಮಾರಾಯ್ತಿ ಎಂದು ಯಾರಾದರೂ ಗದರಬೇಕು. ಇದೆಲ್ಲ ತಮ್ಮ ಕೈಯಲ್ಲಿ ಆಗುವುದಲ್ಲವೆಂದು ಬಲ್ಲೆ, ಆದರೂ ನನ್ನ ಗಂಡ ಮತ್ತು ಅತ್ತೆ ಹೇಳಿದರೆ ಕೇಳುವವಳಲ್ಲ ನಾನು, ತಾವು ಹೇಳಿದರೆ ಕೇಳಿಯೇನು.

ಆ ಫೋಟೊ ನೋಡುತ್ತ ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲಾಗಲಿಲ್ಲ. ಪುಟ್ಟಿ ತಿನ್ನುತ್ತಿದ್ದ ಬ್ರೆಡ್ಡು ಕೆಳಗಿಟ್ಟು, ನನ್ನ ಪಟ್ಟಿ ಸುತ್ತಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, ಪರವಾಗಿಲ್ಲ ಬಿಡಮ್ಮ, ಮುಂದಿನ ವರ್ಷ ನೀನು ಕುರ್ಚಿ ಮೇಲೆ ಕೂತ್ಕೋ, ಅಷ್ಟೊತ್ತಿಗೆ ನಾನು ಉದ್ದ ಆಗಿರ್ತೀನಿ, ಬೆಡ್‌ಶೀಟು ನಾನು ಹಿಡ್ಕೋತೀನಿ ಎಂದಳು.

ಇಷ್ಟು ಬರೆಯುವುದಕ್ಕೂ ಎಡಗೈ ಬೆರಳೊಂದನ್ನೇ ನೆಚ್ಚಿಕೊಂಡಿರುವ,
ತಮ್ಮ ವಿಶ್ವಾಸಿ,
ಪುಟ್ಟಿಯ ಅಮ್ಮ

ತಾ.ಕ.: ‘ಗೋಡೆಗೆ ಹತ್ತಿದ ಅಂಟು ತೆಗೆಯುವ ಮೂರು ನಿಮಿಷದ ಉಪಾಯ’ ಎಂಬ ತಮ್ಮ ಹೊಸ ವಿಡಿಯೊ ನಿನ್ನೆ ಬಂದದ್ದು ತಿಳಿಯಿತು. ತಾವು ತೋರಿಸಿದ ಗೋಡೆಗೆ ಅಂಟೇ ಹತ್ತಿರಲಿಲ್ಲ ಎಂಬುದನ್ನು, ಅದನ್ನು ನಾಲ್ಕನೆಯ ಸಲ ನೋಡುವಾಗ ಗಮನಿಸಿದೆ.