ಅತ್ತೆಯ ಬೆದರಿಕೆಯೂ ಹಾಸಿಗೆ ಅಂಗಡಿಯ ವಕೀಲರೂ

ಬೆದರಿಕೆಯೊಂದು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಅಧಿಕಾರ ಬೆದರಿಕೆಗೆ ಒಳಗಾದ ವ್ಯಕ್ತಿಗೆ ಇರುವುದಿಲ್ಲ. ಈ ಅಧಿಕಾರ ಪೂರ್ಣವಾಗಿ ನಕಲಿ ಬೆದರಿಕೆ ದೃಢೀಕರಣ ಘಟಕಕ್ಕೆ ಸೇರಿದ್ದು. ಘಟಕವು ಹಳೆಯ ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಊಟದ ವಿರಾಮವನ್ನು ಹೊರತುಪಡಿಸಿ, ಕೆಲಸ ಮಾಡುತ್ತದೆ. ಊಟದ ವಿರಾಮ ಯಾವಾಗ ಆರಂಭವಾಗಿ ಯಾವಾಗ ಮುಗಿಯುತ್ತದೆ ಎಂಬುದು ಘಟಕದ ಆಂತರಿಕ ವಿಷಯ.

ಇದು ತಿಳಿಯದೆ, ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದ ಹೆಂಗಸೊಬ್ಬಳು ತನಗೆ ಬಂದ ಬೆದರಿಕೆಯನ್ನು ತಾನೇ ನಕಲಿ ಎಂದು ಕಂಡುಹಿಡಿಯುವ ತಪ್ಪು ಮಾಡಿದಳು. ಬೀದಿಯಲ್ಲಿ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಬೀದಿಗೆ ಮೊದಲು ಪರಿಚಯವಾದವರು ಅವಳ ಅತ್ತೆ. ಆಮೇಲೆ ಬಂದವರಿಗೆ ಬೇರೆ ಹೆಸರಿಡುವ ಗೋಜಿಗೆ ಬೀದಿ ಹೋಗಲಿಲ್ಲ.

ಅತ್ತೆಗೆ ಮಂಡಿನೋವು. ಮಂಡಿಯಿಂದಾಗಿ ಮೂಳೆ ವೈದ್ಯರು, ಮೂಳೆ ವೈದ್ಯರ ಮಾತ್ರೆಯಿಂದಾಗಿ ಹೊಟ್ಟೆ ವೈದ್ಯರು, ಹೊಟ್ಟೆ ವೈದ್ಯರ ಬಿಲ್ಲಿನಿಂದಾಗಿ ಹೃದಯ ವೈದ್ಯರು. ಹೀಗೆ ಊರಿನ ಕಾಯುವ ಕೋಣೆಗಳಲ್ಲೆಲ್ಲ ಕೂತೂ ಕೂತೂ ಸೊಸೆ ಒಂದು ಬ್ಲಾಗ್ ಶುರುಮಾಡಿದ್ದಳು. ಹೆಸರು 'ಕಾಯುವವರ ಕುರ್ಚಿ'. ಯಾವ ಕೋಣೆಯ ಬೆಂಚಿಗೆ ಬೆನ್ನಾಸರೆ ಇದೆ, ಎಲ್ಲಿ ಫ್ಯಾನು ತಿರುಗುವುದು ಕಾಂಪೌಂಡರಿಗೆ ಮಾತ್ರ, ಎಲ್ಲಿನ ವಾರಪತ್ರಿಕೆಗಳಲ್ಲಿ ಸತ್ತವರು ಇನ್ನೂ ಮದುವೆಯಾಗುತ್ತಿದ್ದಾರೆ ಎಂಬುದನ್ನೆಲ್ಲ ಅವಳು ನಿಷ್ಪಕ್ಷಪಾತವಾಗಿ ಬರೆಯುತ್ತಿದ್ದಳು. ಬೆನ್ನು ಹಿಡಿದುಕೊಂಡವರು ವೈದ್ಯರನ್ನು ಆರಿಸುವ ಮೊದಲು ಅದನ್ನು ಓದುತ್ತಿದ್ದರು. ಕುರ್ಚಿಯ ಅಳತೆ ಓದುಗರಿಗೆ ತಿಳಿಯಲೆಂದು ಪ್ರತಿ ಫೋಟೋದಲ್ಲೂ ಅತ್ತೆಯನ್ನು ಕೂರಿಸಲಾಗುತ್ತಿತ್ತು. ಆರು ವರ್ಷಗಳ ಈ ಸೇವೆಯಿಂದ ಅತ್ತೆಗೆ ಎಂಥ ಕೀರ್ತಿ ಬಂದಿತ್ತೆಂದರೆ, ತರಕಾರಿಯವನು ಕೂಡ ಅವರನ್ನು ಕಂಡೊಡನೆ ತನ್ನ ಸ್ಟೂಲು ಒರೆಸಿ ಮುಂದಿಡುತ್ತಿದ್ದ.

ಇಂಥ ಬ್ಲಾಗಿಗೆ ಒಂದು ಬೆಳಿಗ್ಗೆ ಇಮೇಲ್ ಬಂತು:

"ಮಾನ್ಯರೇ, ತಮ್ಮ ಬ್ಲಾಗಿನಲ್ಲಿರುವ ಮೂಳೆ ವೈದ್ಯರ ಬೆಂಚಿನ ಚಿತ್ರವು ನಮ್ಮ ಕಕ್ಷಿದಾರರು ತೆಗೆದದ್ದಾಗಿದ್ದು, ಅವರ ಸ್ವತ್ತಾಗಿರುತ್ತದೆ. ಚಿತ್ರವನ್ನು ಅಳಿಸುವ ಅಗತ್ಯವಿಲ್ಲ. ಅದರ ಕೆಳಗೆ ಕಕ್ಷಿದಾರರ ಹಾಸಿಗೆ ಅಂಗಡಿಯ ವೆಬ್‌ಸೈಟಿಗೆ ಒಂದು ಲಿಂಕ್ ಹಾಕತಕ್ಕದ್ದು. ತಪ್ಪಿದಲ್ಲಿ ಕಾನೂನಿನ ಸಮಸ್ತ ಕಲಮುಗಳ ಅಡಿಯಲ್ಲಿ ಕ್ರಮ ಜರುಗಿಸಲಾಗುವುದು."

ಕೆಳಗೆ ವಕೀಲರ ಹೆಸರು, ವಿಳಾಸ, ಮುಗುಳ್ನಗುವ ಫೋಟೋ.

ಸೊಸೆ ಗಟ್ಟಿಯಾಗಿ ಓದಿದಳು. ಅತ್ತೆ ಮಂಡಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದರು.

"ಆ ಬೆಂಚಿನ ಮೇಲೆ ಕೂತಿರೋದು ನಾನು ಕಣೇ! ಫೋಟೋ ತೆಗೆದೋಳು ನೀನು. ಒಂದು ಚಪ್ಪಲಿ ಕಾಲಿಂದ ಜಾರಿದೆ, ಹಾಕ್ಕೋತೀನಿ ತಾಳು ಅಂದ್ರೂ ಕೇಳದೆ ತೆಗೆದೆ. ಹಾಸಿಗೆ ಅಂಗಡಿಯೋನು ಅಲ್ಲೆಲ್ಲಿದ್ದ? ಬೆಂಚಿನ ಕೆಳಗಾ?"

"ವಕೀಲರ ಫೋಟೋ ನೋಡಿ ಅತ್ತೆ. ಕನ್ನಡಕ ನೋಡಿ."

ಅತ್ತೆ ತಮ್ಮ ಕನ್ನಡಕ ಹುಡುಕಿ, ಹಾಕಿಕೊಂಡು, ವಕೀಲರ ಕನ್ನಡಕ ನೋಡಿದರು. ಬಲಗಡೆ ಚೌಕ, ಎಡಗಡೆ ದುಂಡು. ಕಿವಿಯ ಕಡೆಗೆ ಹೊರಟ ಕಡ್ಡಿ ದಾರಿಯಲ್ಲೇ ಕೆನ್ನೆಯೊಳಗೆ ಕರಗಿಹೋಗಿತ್ತು.

"ಹುಟ್ಟಿದ ಯಾವ ಮೂಗಿನ ಮೇಲೂ ಇದು ನಿಲ್ಲಲ್ಲ," ಎಂದಳು ಸೊಸೆ. "ಇದು ಕಂಪ್ಯೂಟರ್ ಬಿಡಿಸಿದ ಮುಖ. ವಿಳಾಸದಲ್ಲಿ ಮೂರನೇ ಮಹಡಿ ಅಂತ ಬೇರೆ ಇದೆ. ಆ ಕಟ್ಟಡ ನಮ್ಮ ಅಂಗಡಿ ಎದುರಿಗೇ ಇದೆ, ಇರೋದೇ ಎರಡು ಮಹಡಿ. ವಕೀಲರ ವೆಬ್‌ಸೈಟ್ ಶುರುವಾಗಿದ್ದು ಕಳೆದ ತಿಂಗಳು, ಆದರೆ 'ನಾಲ್ಕು ದಶಕದ ಸೇವೆ' ಅಂತೆ."

ಆದರೂ ನ್ಯಾಯವಾಗಿ ಇರಲೆಂದು ಅವಳು, ಮೂಲ ಫೋಟೋ ನಿಮ್ಮಲ್ಲಿದ್ದರೆ ಕಳುಹಿಸಿ ಎಂದು ಉತ್ತರ ಬರೆದಳು. ಫೋನು ಕೆಳಗಿಡುವಷ್ಟರಲ್ಲಿ ವಕೀಲರ ಮರುತ್ತರ ಬಂತು: ಲಿಂಕ್ ಹಾಕತಕ್ಕದ್ದು.

ಅತ್ತೆಗೆ ಅನುಮಾನವೇ ಉಳಿಯಲಿಲ್ಲ. "ನನ್ನ ತಮ್ಮ ವಕೀಲನಾಗಿ ತಲೆ ನರೆತುಹೋಯ್ತು. ಇವತ್ತಿನವರೆಗೂ ಒಂದು ಫೋನಿಗೆ ವಾಪಸ್ ಮಾಡಿದ್ದಿಲ್ಲ. ಕೇಳಿದ ತಕ್ಷಣ ಉತ್ತರ ಕೊಡೋ ವಕೀಲ ಅಂದ್ರೆ ನೂರಕ್ಕೆ ನೂರು ಕಳ್ಳ!"

ವಿಷಯ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ವಕೀಲರು ಬ್ಲಾಗಿಗೆ ಜಾಗ ಕೊಟ್ಟ ಕಂಪನಿಗೂ ಅದೇ ಬೆದರಿಕೆ ಕಳುಹಿಸಿದ್ದರು. ಕಂಪನಿ ಅತ್ಯಂತ ಸೌಜನ್ಯದಿಂದ ಸೊಸೆಗೆ ತಿಳಿಸಿತು: ಬೆದರಿಕೆ ನಕಲಿ ಎಂಬ ಸರಕಾರಿ ಪ್ರಮಾಣಪತ್ರವನ್ನು ತಿಂಗಳೊಳಗೆ ಸಲ್ಲಿಸದಿದ್ದರೆ 'ಕಾಯುವವರ ಕುರ್ಚಿ'ಯನ್ನು ಸಂಪೂರ್ಣವಾಗಿ ಅಳಿಸಲಾಗುವುದು, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.

ಆರು ವರ್ಷದ ಬೆಂಚುಗಳು, ಅವುಗಳ ಮೇಲಿನ ಅತ್ತೆ, ಎಲ್ಲವೂ ಹೋಗುವುದು. ಸೊಸೆ ಮರುದಿನವೇ ಅತ್ತೆಯನ್ನು ಕರೆದುಕೊಂಡು ಘಟಕಕ್ಕೆ ಹೋದಳು. ಊಟದ ವಿರಾಮ ನಡೆಯುತ್ತಿತ್ತು. ಅದು ಮುಗಿದ ಮೇಲೆ ಅಧೀಕ್ಷಕರು ಅವಳ ಮಾತನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಕನ್ನಡಕ, ಮಹಡಿ, ವೆಬ್‌ಸೈಟು ಯಾವುದನ್ನೂ ಅಲ್ಲಗಳೆಯಲಿಲ್ಲ.

"ನೀವು ಹೇಳೋದೆಲ್ಲ ಸರಿ ಮೇಡಂ. ನನಗೂ ಇದು ನಕಲಿ ಅಂತಲೇ ಅನಿಸುತ್ತೆ. ಆದರೆ ಅನಿಸೋದಕ್ಕೆ ಇಲ್ಲಿ ಅವಕಾಶ ಇಲ್ಲ. ನಿಯಮದ ಪ್ರಕಾರ ನಕಲಿಯನ್ನ ಅಸಲಿ ಜೊತೆ ಇಟ್ಟು ಹೋಲಿಸಬೇಕು. ಅಸಲಿ ತಂದಿದೀರಾ?"

"ಅಸಲಿ ಏನು ಸರ್?"

"ಅಸಲಿ ಬೆದರಿಕೆ. ನಿಮಗೇ ಬಂದಿರಬೇಕು, ಅದೇ ಫೋಟೋ ಬಗ್ಗೆ ಇರಬೇಕು, ವಕೀಲರ ಮೂಲಕ ಬಂದಿರಬೇಕು."

"ನನಗೆ ಅಸಲಿ ಬೆದರಿಕೆ ಯಾರೂ ಹಾಕಿಲ್ಲವಲ್ಲ ಸರ್."

"ಅದಕ್ಕೆ ಘಟಕ ಏನು ಮಾಡೋಕಾಗುತ್ತೆ ಹೇಳಿ? ನೀವು ಸ್ವಲ್ಪ ಜನರ ಜೊತೆ ಬೆರೀಬೇಕು."

ಗೋಡೆಯ ಮೇಲೆ ಇದನ್ನೇ ಹೇಳುವ ಫಲಕವಿತ್ತು: 'ಅಸಲಿ ಬೆದರಿಕೆ ಇಲ್ಲದೆ ಬರುವ ಸಾರ್ವಜನಿಕರು ಕಚೇರಿಯ ಸಮಯ ಹಾಳು ಮಾಡಬಾರದು.'

ಮನೆಗೆ ಬಂದು ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಳು. ಅವಳ ಗಂಡನನ್ನು ಕೇಳಿದರೆ ಅವನು, ಹೆಂಡತಿ ಮತ್ತು ತಾಯಿ ಒಟ್ಟಿಗೆ ಎದುರು ನಿಂತಾಗ ಹೇಳಲು ಇಟ್ಟುಕೊಂಡಿದ್ದ ಏಕೈಕ ಮಾತನ್ನು ಹೇಳಿದ: "ಇಬ್ಬರು ಹೇಳೋದೂ ಸರಿ." ಇಬ್ಬರೂ ಆಗ ಏನನ್ನೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಮುಖದಲ್ಲಿ ಬೆಳಕು ಮೂಡಿತು.

"ಅಲ್ವೇ, ಆ ಫೋಟೋದಲ್ಲಿರೋಳು ನಾನು. ನನ್ನನ್ನ ಕೇಳದೇ ಹಾಕಿದೀಯ. ಅಂದ್ರೆ ನಾನು ನಿನ್ನ ಮೇಲೆ ಕೇಸು ಹಾಕಬಹುದು ತಾನೆ?"

"ಹಾಕಬಹುದಾ ಅತ್ತೆ?"

"ಯಾಕಾಗಲ್ಲ? ಅತ್ತೆಯಾಗಿ ಇಷ್ಟು ವರ್ಷ ಸುಮ್ಮನೆ ಕೂತಿದೀನಿ. ಒಂದು ಬೆದರಿಕೆಗೂ ನಾನು ಲಾಯಕ್ಕಿಲ್ಲವಾ?"

ಅತ್ತೆಯ ತಮ್ಮನನ್ನು ಕರೆಸಲಾಯಿತು. ಅವರು ಅಸಲಿ ವಕೀಲರೆಂಬುದಕ್ಕೆ ಸಾಕ್ಷಿಯಾಗಿ, ನಾಳೆ ಬರುತ್ತೇನೆಂದು ಹೇಳಿ ಮೂರನೇ ವಾರ ಬಂದರು. ಅಕ್ಕ ಹೇಳುತ್ತಾ ಹೋದರು, ತಮ್ಮ ಬರೆಯುತ್ತಾ ಹೋದರು, ಪ್ರತಿವಾದಿ ಟೀ ಮಾಡಿಕೊಟ್ಟಳು.

"ನನ್ನ ಗದ್ದ ಎರಡಾಗಿ ಕಾಣೋ ಹಾಗೆ ತೆಗೆದಿದಾಳೆ ಅಂತ ಬರಿ."

"ಅಕ್ಕ, ಗದ್ದಕ್ಕೆ ಕಲಮು ಇಲ್ಲ."

"ಇಲ್ಲದಿದ್ರೆ ಮಾಡು! ಆ ಹಾಸಿಗೆಯೋನು ಸಮಸ್ತ ಕಲಮು ಅಂತಾನೆ, ನೀನು ಒಂದಕ್ಕೆ ಒದ್ದಾಡ್ತೀಯ."

"ಅತ್ತೆ, ಇನ್ನೊಂದು ಚೂರು ಖಾರವಾಗಿ ಹೇಳಿ," ಎಂದಳು ಪ್ರತಿವಾದಿ, ಬಾಗಿಲ ಬಳಿಯಿಂದ. "ಚಪ್ಪಲಿ ವಿಷಯ ಬಿಟ್ಟೇಬಿಟ್ರಿ."

"ಹ್ಞಾ, ಚಪ್ಪಲಿ! ಬರಿಯೋ. ಜಾರಿದ ಚಪ್ಪಲಿಯನ್ನು ಲೋಕಕ್ಕೆಲ್ಲ ತೋರಿಸಿ ನನ್ನ ಮಾನ ಕಳೆದ ಸದರಿ ಸೊಸೆಯನ್ನು ನಾನು ಕೋರ್ಟಿಗೆ ಎಳೆಯದೆ ಬಿಡೋದಿಲ್ಲ."

ನೋಟಿಸು ಸಿದ್ಧವಾಯಿತು. ಅತ್ತೆ ಓದಿ ನೋಡಿ, ಕೊನೆಗೆ ಏನೋ ಕೊರತೆಯಾದಂತೆನಿಸಿ, ತಮ್ಮನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಒಂದು ಸಾಲು ಸೇರಿಸಿದರು: 'ಸಂಜೆ ಬರ್ತಾ ನನ್ನ ಮಾತ್ರೆ ತಗೊಂಡು ಬಾ. ಬೀದಿ ದಾಟುವಾಗ ಹುಷಾರು.'

ಅಸಲಿ, ನಕಲಿ ಎರಡನ್ನೂ ಹೊತ್ತು ಸೊಸೆ ಘಟಕಕ್ಕೆ ಹೋದಳು. ಬಿಟ್ಟರೆ ಕೆಟ್ಟೆನೆಂದು ಅತ್ತೆಯೂ ಹೋದರು. ತಜ್ಞರ ಸಮಿತಿ ಒಳಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಪರಿಶೀಲಿಸುವಷ್ಟು ಹೊತ್ತು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅಭ್ಯಾಸಬಲದಿಂದ ಸೊಸೆ ಒಂದು ಫೋಟೋ ತೆಗೆದಳು.

ಕೊನೆಗೆ ಅಧೀಕ್ಷಕರು ತೀರ್ಪು ಓದಿದರು. ಮೊದಲನೆಯ ಬೆದರಿಕೆ ನೇರ ಸಾಲುಗಳಲ್ಲಿದೆ, ಭಾಷೆ ಶುದ್ಧವಾಗಿದೆ, ಕಳುಹಿಸಿದ ದಿನವೇ ತಲುಪಿದೆ, ಪ್ರಶ್ನೆ ಕೇಳಿದರೆ ಉತ್ತರ ಬಂದಿದೆ. ಎರಡನೆಯದರ ಮೇಲೆ ಟೀ ಲೋಟದ ಗುರುತಿದೆ, ತಾರೀಖು ಬರುವ ತಿಂಗಳದ್ದಿದೆ, ನಡುವೆ ಯಾರದೋ ಚರಂಡಿ ವ್ಯಾಜ್ಯದ ಒಂದು ಹಾಳೆ ಸೇರಿಕೊಂಡಿದೆ. ಮೇಲಾಗಿ ಬೆದರಿಸುವವರು ಬೆದರುವವರಿಗೆ ಬೀದಿ ದಾಟುವಾಗ ಹುಷಾರು ಎಂದು ಹೇಳಿದ ಪೂರ್ವನಿದರ್ಶನ ಘಟಕದ ಇತಿಹಾಸದಲ್ಲೇ ಇಲ್ಲ. ಆದಕಾರಣ ಹಾಸಿಗೆ ಅಂಗಡಿಯ ವಕೀಲರದು ಅಸಲಿ. ಅತ್ತೆಯದು ನಕಲಿ.

ಅತ್ತೆ ಎದ್ದು ನಿಂತರು. ಮಂಡಿನೋವು ಶುರುವಾದ ಮೇಲೆ ಅವರು ಕೈ ಊರದೆ ಎದ್ದದ್ದು ಅದೇ ಮೊದಲು.

"ನಂದು ನಕಲೀನಾ? ನಿಮ್ಮ ಬಾಯಲ್ಲಿ ಇನ್ನೊಂದು ಸಲ ಹೇಳಿ ನೋಡೋಣ! ನಾನು ಬೆದರಿಸಿದರೆ ನನ್ನ ಮಗ ಈ ವಯಸ್ಸಿನಲ್ಲೂ ಹಾಸಿಗೆ ಮಡಚಿಡ್ತಾನೆ!"

"ಅಮ್ಮ, ಕೂಗಬೇಡಿ. ನೀವೀಗ ಕೂಗ್ತಿರೋದೂ ಬೆದರಿಕೆಯೇ ಆದರೆ ಅದಕ್ಕೆ ಪ್ರತ್ಯೇಕ ಅರ್ಜಿ ಬೇಕಾಗುತ್ತೆ."

"ಹಾಗಾದ್ರೆ ಸರ್, ಈಗ ನಾನು ಹಾಸಿಗೆ ಅಂಗಡಿಯ ಲಿಂಕ್ ಹಾಕಬೇಕಾ?" ಎಂದು ಸೊಸೆ ಕೇಳಿದಳು.

"ಹಾಕತಕ್ಕದ್ದು. ಆದರೆ ಹಾಕಿದ್ದೀರೋ ಇಲ್ಲವೋ ಅಂತ ನೋಡಬೇಕಾದ ಘಟಕ ಇನ್ನೂ ರಚನೆಯಾಗಿಲ್ಲ," ಎಂದು ಅಧೀಕ್ಷಕರು ಎರಡು ಪ್ರಮಾಣಪತ್ರಗಳಿಗೂ ಮೊಹರು ಹಾಕಿ ಕೊಟ್ಟರು.

ಸೊಸೆ ಸುಳ್ಳು ಹೇಳುವವರ ಪೈಕಿಯಲ್ಲ. ಅವಳು ಎರಡು ಪ್ರಮಾಣಪತ್ರಗಳನ್ನೂ ಕಂಪನಿಗೆ ಕಳುಹಿಸಿ, ಯಾವುದು ಯಾವುದರದೆಂದು ವಿವರವಾಗಿ ಬರೆದಳು. ಅತ್ತೆ ಹಿರಿಯರಾದ್ದರಿಂದ ಅವರದನ್ನು ಮೇಲಿಟ್ಟಿದ್ದಳು. ಕಂಪನಿಯಿಂದ ಉತ್ತರ ಬಂತು: "ನಕಲಿ ಎಂಬ ತಮ್ಮ ಪ್ರಮಾಣಪತ್ರ ಸ್ವೀಕೃತವಾಗಿದೆ. ಬ್ಲಾಗ್ ಮುಂದುವರಿಯುತ್ತದೆ. ಎರಡನೆಯ ಲಗತ್ತನ್ನು ತೆರೆಯುವ ಪದ್ಧತಿ ನಮ್ಮಲ್ಲಿಲ್ಲ."

ಬ್ಲಾಗ್ ಉಳಿಯಿತು. ಗಂಡ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ. ತನ್ನ ಅತ್ತೆಯ ಬೆದರಿಕೆ ನಕಲಿ ಎಂದು ಸರಕಾರದಿಂದಲೇ ಬರೆಸಿಕೊಂಡ ಮೊದಲ ಸೊಸೆ ಅವಳೆಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಮರುವಾರ ಘಟಕದ ಮುಂದೆ ಸೊಸೆಯಂದಿರ ಸಾಲು. ಅದರ ಮರುವಾರ ಅಳಿಯಂದಿರದು. ಜನದಟ್ಟಣೆ ತಡೆಯಲು ಘಟಕವು 'ಕೌಟುಂಬಿಕ ಬೆದರಿಕೆ ವಿಭಾಗ'ವನ್ನು ತೆರೆದು, ಊಟದ ವಿರಾಮವನ್ನು ವಿಸ್ತರಿಸಿತು.

ಹಾಸಿಗೆ ಅಂಗಡಿಯ ವಕೀಲರು ದೃಢೀಕೃತರಾದ ಕಾರಣ ಘಟಕ ಅವರನ್ನೇ ಕಾನೂನು ಸಲಹೆಗಾರರನ್ನಾಗಿ ನೇಮಿಸಿತು. ನೇಮಕದ ಆದೇಶ ಮೂರನೇ ಮಹಡಿ ಸಿಗದೆ ಅಂಚೆಯಲ್ಲಿ ಹಿಂತಿರುಗಿದಾಗ, ಅದು ಕಟ್ಟಡದ ಲೋಪವೆಂದು ಪರಿಗಣಿಸಿ ಮಾಲೀಕರಿಗೆ ನೋಟಿಸು ಹೋಯಿತು. ಈಗ ಕನ್ನಡಕದ ಅಂಗಡಿಯ ಎದುರು ಮೂರನೇ ಮಹಡಿಯ ಕೆಲಸ ಭರದಿಂದ ಸಾಗಿದೆ. ಅಲ್ಲಿನ ಗಾರೆಯವನು ಬಂದು ಕಣ್ಣಿಗೆ ಧೂಳು ಬೀಳುತ್ತದೆಂದು ಕನ್ನಡಕ ಕೇಳಿದಾಗ, ಸೊಸೆ ಎರಡೂ ಕಡೆ ಒಂದೇ ಆಕಾರದ್ದನ್ನು ಆರಿಸಿ ಕೊಟ್ಟಳು.

ಆಮೇಲೆ ಅವಳು ಘಟಕದ ಹೊರಗಿನ ಬೆಂಚಿನ ಬಗ್ಗೆ ಬ್ಲಾಗಿನಲ್ಲಿ ಬರೆದಳು: ಬೆನ್ನಾಸರೆ ಉತ್ತಮ, ಫ್ಯಾನು ಎಲ್ಲರಿಗೂ ಸಮಾನವಾಗಿ ಕೆಟ್ಟಿದೆ. ಅತ್ತೆ ಕೂತ ಫೋಟೋ ಹಾಕಿದಳು. ಪ್ರಕಟಿಸಿದ ಕ್ಷಣದಲ್ಲೇ ಇಮೇಲ್ ಬಂತು. ಸದರಿ ಬೆಂಚಿನ ಚಿತ್ರ ಕಕ್ಷಿದಾರರ ಸ್ವತ್ತು, ಲಿಂಕ್ ಹಾಕತಕ್ಕದ್ದು. ಕೆಳಗೆ ಅದೇ ಚೌಕ-ದುಂಡು ಕನ್ನಡಕ, ಪಕ್ಕದಲ್ಲಿ ಘಟಕದ ಮೊಹರು.

"ಅತ್ತೆ, ಮತ್ತೆ ಬಂತು. ಈ ಸಲ ಅಸಲಿಯಂತೆ, ಮೊಹರು ಮೊದಲೇ ಹಾಕಿದಾರೆ."

ಅತ್ತೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಗದ್ದ ಪರವಾಗಿಲ್ಲ ಈ ಸಲ," ಎಂದರು. "ಸರಿ, ನನ್ನ ತಮ್ಮನಿಗೆ ಫೋನು ಮಾಡು. ಈಗ ಹೇಳಿದ್ರೆ ಮೂರು ವಾರಕ್ಕಾದ್ರೂ ಬರ್ತಾನೆ. ಏನಂತ ಬೆದರಿಸಲಿ ಹೇಳು."

"ಹೋದ ಸಲದ್ದೇ ಬೆದರಿಸಿ ಅತ್ತೆ. ಮಾತ್ರೆ ತರೋ ವಿಷಯ ಮಾತ್ರ ಮರೀಬೇಡಿ. ಅದಿಲ್ಲದಿದ್ರೆ ಅಸಲಿ ಅಂದುಬಿಟ್ಟಾರು."